ಹೆವಿ ಮೆಟಲ್ ರೊಟ್ಟಿ

ಊಟದ ರುಚಿಯನ್ನು ಹೇಳಿಕೊಳ್ಳಲು ನಮ್ಮಲ್ಲಿ ಯಾರೂ ನಾಚುವುದಿಲ್ಲ. ನನಗೆ ಹಾಗಲಕಾಯಿ ಸೇರುವುದಿಲ್ಲ, ಮಜ್ಜಿಗೆ ಹುಳಿಯಾಗಿದ್ದರೇ ಚೆಂದ ಎಂದು ಬೀಗರ ಮನೆಯಲ್ಲೂ ಧೈರ್ಯವಾಗಿ ಹೇಳುತ್ತೇವೆ. ಸಂಗೀತದ ಮಾತು ಬಂದಾಗ ಮಾತ್ರ ಎಲ್ಲರೂ ಒಮ್ಮೆಲೇ ಸಭ್ಯರಾಗಿಬಿಡುತ್ತಾರೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದು ದಿನ ಯಾರಿಗೆ ಯಾವ ಸಂಗೀತ ಇಷ್ಟ ಎಂಬ ವಿಷಯ ಬಂತು. ಗಣಿತದ ಸರ್ ವಚನ ಸಂಗೀತ ಎಂದರು. ಹಿಂದಿ ಟೀಚರ್ ಅಭಂಗ ಎಂದು ಕಣ್ಣು ಮುಚ್ಚಿಕೊಂಡರು. ಡ್ರಿಲ್ ಸರ್ ಸ್ವಲ್ಪ ಯೋಚಿಸಿ ಸಿತಾರ್ ಎಂದರು. ಅವರು ಹಾಗೆಂದ ಅರ್ಧ ನಿಮಿಷಕ್ಕೆ ಅವರ ಜೇಬಿನಲ್ಲಿದ್ದ ಫೋನು ರಿಂಗಾಯಿತು. ಅದರಿಂದ ಬಂದದ್ದು ಕಬ್ಬಿನ ಟ್ರಾಕ್ಟರುಗಳ ಮೇಲೆ ಸ್ಪೀಕರ್ ಕಟ್ಟಿಕೊಂಡು ಹೋಗುವವರು ಹಚ್ಚುವ ಹಾಡು. ಅದರಲ್ಲಿ ಸಿತಾರ್ ಹುಡುಕಿದರೂ ಸಿಗುವಂತಿರಲಿಲ್ಲ. ನನ್ನ ಸರದಿ ಬಂದಾಗ ನಾನು ಶಾಸ್ತ್ರೀಯ ಸಂಗೀತ ಎಂದು ಹೇಳಿ ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಸತ್ಯವನ್ನು ಈಗ ಹೇಳಿಬಿಡುತ್ತೇನೆ. ನನಗೆ ಇಷ್ಟವಾಗುವುದು ಹೆವಿ ಮೆಟಲ್. ನನ್ನ ವಯಸ್ಸು ನಲವತ್ತೊಂಬತ್ತು. ಅಥಣಿಯಲ್ಲಿ ಮನೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಮೊಣಕಾಲು ನೋವಿದೆ. ಹೆವಿ ಮೆಟಲ್ ಎಂದರೇನೆಂದು ಗೊತ್ತಿಲ್ಲದವರು ಹೀಗೆ ಊಹಿಸಿಕೊಳ್ಳಬೇಕು: ಕಬ್ಬು ತುಂಬಿದ ನಾಲ್ಕು ಟ್ರಾಕ್ಟರುಗಳು ಒಟ್ಟಿಗೇ ಏರು ಹತ್ತುತ್ತಿವೆ, ಪಕ್ಕದಲ್ಲಿ ಯಾರೋ ತಗಡಿನ ಶೆಡ್ಡಿನ ಮೇಲೆ ಗುದ್ದಲಿಯಿಂದ ಬಡಿಯುತ್ತಿದ್ದಾರೆ, ಇವೆರಡರ ನಡುವೆ ನಿಂತ ಒಬ್ಬ ಮನುಷ್ಯ ತನ್ನ ಹೊಲದ ಬದು ಒತ್ತಿದವನನ್ನು ಏಳು ತಲೆಮಾರು ಎತ್ತಿ ಬೈಯುತ್ತಿದ್ದಾನೆ. ಮೊದಲ ಸಲ ಕೇಳಿದವರಿಗೆ ಇಷ್ಟೇ ಕೇಳಿಸುತ್ತದೆ. ಒಮ್ಮೆ ಧೈರ್ಯ ಮಾಡಿ ನನ್ನ ಗಂಡನ ಮುಂದೆ, ಹೆವಿ ಮೆಟಲ್ ಬಗ್ಗೆ ನಿಮಗೆ ಏನನ್ನಿಸುತ್ತದೆ ಎಂದು ಕೇಳಿದ್ದೆ. ಅವರು ಪೇಪರಿನಿಂದ ತಲೆಯೆತ್ತಿ, ಬೋರಿನ ನೀರಿನಲ್ಲಿ ಬಂದಿದೆಯೇ ಎಂದು ಗಾಬರಿಯಿಂದ ವಿಚಾರಿಸಿದರು. ಅವರ ತಪ್ಪೇನೂ ಇಲ್ಲ. ಸೀಸ, ಪಾದರಸಗಳಿಂದ ಆಗುವ ಹಾನಿಯನ್ನು ಅವರಿಗೆ ಊಟದ ಹೊತ್ತಿನಲ್ಲಿ ವಿವರಿಸಿದ್ದವಳು ನಾನೇ. ನಾನು ಹೀಗೆ ಕೇಳಿದ ಮರುದಿನವೇ ಮನೆಗೆ ನೀರಿನ ಫಿಲ್ಟರ್ ಬಂತು.

ಈ ರುಚಿ ಬೇರೆ ಯಾವ ಮನೆಯಲ್ಲಿದ್ದರೂ ನಡೆಯುತ್ತಿತ್ತೇನೋ. ನಮ್ಮ ಮನೆಯಲ್ಲಿ ಅದು ಅಪರಾಧಕ್ಕೆ ಸಮ. ಏಕೆಂದರೆ ನಮ್ಮ ಮನೆಯಲ್ಲಿ ನನ್ನ ಅತ್ತೆ ಕಮಲಾಬಾಯಿಯವರಿದ್ದಾರೆ. ಎಪ್ಪತ್ನಾಲ್ಕು ವರ್ಷ. ಹುಟ್ಟಿ ಬೆಳೆದದ್ದು ಮಿರಜಿನಲ್ಲಿ. ಹುಡುಗಿಯಾಗಿದ್ದಾಗ ಅಲ್ಲಿನ ಒಬ್ಬ ಉಸ್ತಾದರ ಬಳಿ ಏಳು ವರ್ಷ ಹಿಂದೂಸ್ತಾನಿ ಸಂಗೀತ ಕಲಿತವರು. ಕನ್ನಡದಲ್ಲಿ ಮಾತಾಡುತ್ತಾರೆ, ಸಿಟ್ಟು ಬಂದಾಗ ಮರಾಠಿಗೆ ಇಳಿಯುತ್ತಾರೆ, ಬಹಳ ಸಿಟ್ಟು ಬಂದರೆ ಸರಿಗಮಕ್ಕೆ ಹೋಗುತ್ತಾರೆ. ನಮ್ಮ ಮನೆಯಲ್ಲಿ ಗಡಿಯಾರಗಳು ಸುಮ್ಮನೆ ಗೋಡೆಯ ಶೋಭೆಗಾಗಿ ಇವೆ; ಹೊತ್ತು ನಡೆಯುವುದು ರಾಗದ ಮೇಲೆ. ಬೆಳಿಗ್ಗೆ ಅತ್ತೆ ಅಹಿರ್ ಭೈರವ ಗುನುಗಿದರೆ ಚಹಾ ಇಡಬೇಕು ಎಂದು ಅರ್ಥ. ಅದು ಮುಗಿದು ತೋಡಿಗೆ ಬಂದರೆ ಬಸ್ಸಿಗೆ ತಡವಾಯಿತು ಎಂದು ಅರ್ಥ. ಸಂಜೆಯ ರಾಗವನ್ನು ಮುಂಜಾನೆ ಹಾಡಿದರೆ ಹಾಲು ಒಡೆಯುತ್ತದೆ ಎಂದೂ, ಹೊತ್ತಲ್ಲದ ಹೊತ್ತಿನಲ್ಲಿ ಮಾರವಾ ಕೇಳಿದರೆ ಮನೆಯಲ್ಲಿ ಜಗಳ ಹುಟ್ಟುತ್ತದೆ ಎಂದೂ ಅವರು ಖಚಿತವಾಗಿ ನಂಬಿದ್ದಾರೆ. ಪ್ರತಿ ಸ್ವರಕ್ಕೂ ಒಂದು ಸ್ವಭಾವವಿದೆಯಂತೆ. ಕೋಮಲ ರಿಷಭ ಮನುಷ್ಯನನ್ನು ಒಳಗೆ ಕರೆಯುತ್ತದೆ, ತೀವ್ರ ಮಧ್ಯಮ ಹೊರಗೆ ನಿಲ್ಲಿಸಿ ಕಾಯಿಸುತ್ತದೆ ಎನ್ನುತ್ತಾರೆ. ಕೇಳಿದರೆ ನಮ್ಮ ಬೀಗರ ಪೈಕಿ ಯಾರದೋ ವರ್ಣನೆಯಂತಿರುತ್ತದೆ.

ನನ್ನ ಕಿವಿಯ ಬಗ್ಗೆ ಅತ್ತೆಯ ಅಭಿಪ್ರಾಯ ಮೊದಲ ದಿನವೇ ನಿಶ್ಚಿತವಾಗಿತ್ತು. ನನ್ನನ್ನು ನೋಡಲು ಬಂದಾಗ ಹಾಡಲು ಹೇಳಿದರು. ನಾನು ಶಾಲೆಯ ಪ್ರಾರ್ಥನೆಯನ್ನು ಹಾಡಿದೆ. ಎರಡನೆಯ ಸಾಲಿಗೆ ಅವರು ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಮೂರನೆಯ ಸಾಲಿಗೆ, ಹುಡುಗಿ ಚೆನ್ನಾಗಿ ಓದಿದ್ದಾಳೆ, ಅಷ್ಟು ಸಾಕು ಎಂದು ನನ್ನನ್ನು ಅಲ್ಲಿಗೇ ತಡೆದರು. ಮದುವೆಯಾಗಿ ಇಪ್ಪತ್ನಾಲ್ಕು ವರ್ಷ ಆಯಿತು. ಈ ಇಪ್ಪತ್ನಾಲ್ಕು ವರ್ಷಗಳಲ್ಲಿ ಮನೆಯ ಎಲ್ಲ ವಿಷಯಗಳಲ್ಲೂ ನನ್ನ ಮಾತು ನಡೆದಿದೆ, ಸಂಗೀತ ಒಂದನ್ನು ಬಿಟ್ಟು. ನಾನು ಅಡುಗೆಮನೆಯಲ್ಲಿ ಏನಾದರೂ ಗುನುಗಿದರೆ ಹೊರಗಿನಿಂದ ಒಂದು ಕೆಮ್ಮು ಕೇಳುತ್ತಿತ್ತು. ಅದು ಕೆಮ್ಮಲ್ಲ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಹೀಗಿದ್ದ ನಾನು ಹಾಳಾದದ್ದು ಶಾಲೆಯಲ್ಲಿ, ಅದೂ ಕರ್ತವ್ಯ ಮಾಡುತ್ತಿರುವಾಗ. ಹತ್ತನೆಯ ತರಗತಿಯ ಒಬ್ಬ ಹುಡುಗಿ ಇಯರ್‌ಫೋನಿನ ವೈರನ್ನು ಜಡೆಯೊಳಗೆ ಹೆಣೆದುಕೊಂಡು ಬಂದು, ನಾನು ಆಮ್ಲ ಪ್ರತ್ಯಾಮ್ಲ ಹೇಳುವಾಗ ಹಾಡು ಕೇಳುತ್ತಿದ್ದಳು. ಆ ಜಡೆಯ ಕೌಶಲಕ್ಕೆ ಮನಸ್ಸಿನಲ್ಲೇ ಮೆಚ್ಚಿಗೆ ಸೂಚಿಸಿ ಫೋನು ಕಸಿದುಕೊಂಡೆ. ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. ಈಗಿನ ಮಕ್ಕಳು ಏನು ಕೇಳಿ ಕೆಡುತ್ತಾರೆ ಎಂದು ತನಿಖೆ ಮಾಡುವ ಸದುದ್ದೇಶದಿಂದ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡೆ. ಮೊದಲ ನಿಮಿಷದಲ್ಲಿ ಫೋನು ಕೆಟ್ಟಿದೆ ಎನ್ನಿಸಿತು. ಎರಡನೆಯ ನಿಮಿಷದಲ್ಲಿ ಸಿಟ್ಟು ಬಂತು. ಮೂರನೆಯ ನಿಮಿಷದಲ್ಲಿ ಮೇಜಿನ ಕೆಳಗೆ ನನ್ನ ಕಾಲು ತಾನಾಗಿಯೇ ನೆಲ ಬಡಿಯುತ್ತಿರುವುದನ್ನು ಕಂಡೆ. ಮೊಣಕಾಲು ನೋವಿನ ಕಾಲೇ ಅದು. ಮುಂದಿನ ಪಿರಿಯಡ್ಡಿನ ಗಂಟೆ ನನಗೆ ಕೇಳಲಿಲ್ಲ, ಜವಾನ ಬಂದು ಕರೆಯಬೇಕಾಯಿತು. ಆ ಹಾಡುಗಾರ ಯಾವ ದೇಶದವನೋ, ಏನು ಹೇಳುತ್ತಿದ್ದನೋ, ಒಂದಕ್ಷರ ತಿಳಿಯಲಿಲ್ಲ. ಆದರೆ ಇಪ್ಪತ್ನಾಲ್ಕು ವರ್ಷಗಳಿಂದ ನಾನು ನುಂಗಿಕೊಂಡಿದ್ದನ್ನೆಲ್ಲ ಅವನು ನನ್ನ ಪರವಾಗಿ ಒದರುತ್ತಿದ್ದಾನೆ ಎಂದು ಮಾತ್ರ ಸ್ಪಷ್ಟವಾಗಿ ತಿಳಿಯಿತು. ಸಂಜೆ ಆ ಹುಡುಗಿ ಫೋನು ಕೇಳಲು ಬಂದಾಗ ಹತ್ತು ನಿಮಿಷ ಶಿಸ್ತಿನ ಬಗ್ಗೆ ಬೈದೆ. ಆಮೇಲೆ ಅದೇ ದನಿಯಲ್ಲಿ, ಇಂಥ ಹಾಡುಗಳ ಹೆಸರನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡು, ಹೆಡ್ ಮಾಸ್ತರರಿಗೆ ತೋರಿಸಬೇಕು ಎಂದೆ. ಪಾಪ, ಅಲ್ಲೇ ನಿಂತು ಹನ್ನೊಂದು ಹೆಸರು ಬರೆದಳು. ಹೆಡ್ ಮಾಸ್ತರರು ಆ ಹಾಳೆಯನ್ನು ಇವತ್ತಿನವರೆಗೆ ನೋಡಿಲ್ಲ.

ಮನೆಯಲ್ಲಿ ಕೇಳುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ವೈರಿಲ್ಲದ, ಕಡಲೆಕಾಳಿನಷ್ಟು ಚಿಕ್ಕ ಇಯರ್ ಬಡ್‌ಗಳನ್ನು ತಂದೆ. ಅವು ಕಾಣದಿರಲೆಂದು ಅಡುಗೆಮನೆಗೆ ಹೋಗುವಾಗ ತಲೆಯ ಮೇಲೆ ಸೆರಗು ಹೊದೆಯತೊಡಗಿದೆ. ಇದು ಅತ್ತೆಯ ಕಣ್ಣಿಗೆ ಬಿತ್ತು. ಇಷ್ಟು ವರ್ಷದ ಮೇಲೆ ಸೊಸೆಗೆ ಸಂಸ್ಕಾರ ಬಂತು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಪಕ್ಕದ ಮನೆಯವರು ತಮ್ಮ ಸೊಸೆಗೆ ನನ್ನನ್ನು ತೋರಿಸಿ ಬುದ್ಧಿ ಹೇಳಿದರು. ಸೆರಗಿನೊಳಗೆ ಒಬ್ಬ ಮನುಷ್ಯ ಪ್ರಪಂಚ ಮುಳುಗಲಿ ಎಂದು ಕಿರಿಚುತ್ತಿದ್ದ, ನಾನು ಹೊರಗೆ ಮುಗುಳ್ನಗುತ್ತ ಕೊತ್ತಂಬರಿ ಸೋಸುತ್ತಿದ್ದೆ.

ಆಗಲೇ ಒಂದು ವಿಚಿತ್ರ ನಡೆಯಿತು. ನನ್ನ ರೊಟ್ಟಿ ಸುಧಾರಿಸಿತು. ಅಲ್ಲಿಯವರೆಗೆ ನಾನು ಬಡಿಯುತ್ತಿದ್ದ ಜೋಳದ ರೊಟ್ಟಿ ಎಂದರೆ ಮನೆಯವರು ದೂರದೇ ತಿನ್ನುತ್ತಿದ್ದ ರೊಟ್ಟಿ, ಅಷ್ಟೇ. ಹೆವಿ ಮೆಟಲ್ಲಿನಲ್ಲಿ ಡ್ರಮ್ ಬಾರಿಸುವವನು ಎರಡೂ ಕಾಲುಗಳಿಂದ ಒಂದೇ ಸಮನೆ ದಡದಡ ಹೊಡೆಯುತ್ತಾನೆ. ಆ ಲಯ ಕಿವಿಯಲ್ಲಿ ಬಿದ್ದ ಕೂಡಲೇ ನನ್ನ ಕೈ ಅದರ ಹಿಂದೆ ಓಡಿತು. ಅಂಗೈ ಹಿಟ್ಟಿನ ಮೇಲೆ ಬೀಳುವುದಕ್ಕೂ ಅವನ ಕಾಲು ಬೀಳುವುದಕ್ಕೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ರೊಟ್ಟಿ ಕಲ್ಲಿನ ಮೇಲೆ ತಾನೇ ತಿರುಗುತ್ತ ಹುಣ್ಣಿಮೆಯ ಚಂದ್ರನಂತೆ ಹರಡಿಕೊಳ್ಳುತ್ತಿತ್ತು. ಹಂಚಿನ ಮೇಲೆ ಹಾಕಿದರೆ ಚೆಂಡಿನಂತೆ ಉಬ್ಬುತ್ತಿತ್ತು. ಒಣಗಿಸಿದರೆ ಎತ್ತಿ ಹಿಡಿದು ಪೇಪರ್ ಓದಬಹುದಾದಷ್ಟು ತೆಳು. ನನ್ನ ಗಂಡ ಎರಡು ರೊಟ್ಟಿಯಿಂದ ನಾಲ್ಕಕ್ಕೆ ಹೋದರು. ಅತ್ತೆ ಒಂದು ಚೂರು ಮುರಿದು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಅಗಿದರು. ಆಮೇಲೆ ತೀರ್ಪು ಕೊಟ್ಟರು: ಇಷ್ಟು ವರ್ಷ ತಾವು ಬೆಳಿಗ್ಗೆ ಹಾಡಿದ ಅಹಿರ್ ಭೈರವ ಕೊನೆಗೂ ಸೊಸೆಯ ಕೈಗೆ ಇಳಿದಿದೆ. ಸ್ವರದ ಪರಿಣಾಮ ನಿಧಾನ, ಆದರೆ ತಪ್ಪುವುದಿಲ್ಲ. ನಾನು ಹೌದೆಂದು ತಲೆಯಾಡಿಸಿದೆ. ಆಡಿಸುವಾಗ ಒಂದು ಇಯರ್ ಬಡ್ ಜಾರಿ ಸಾರಿನ ಪಾತ್ರೆಯ ಅಂಚಿಗೆ ಬಿದ್ದು, ದೇವರ ದಯೆ, ಒಳಗೆ ಹೋಗಲಿಲ್ಲ.

ಹೊಗಳಿಕೆ ಮನೆಯೊಳಗೆ ಇದ್ದಿದ್ದರೆ ಚೆನ್ನಾಗಿತ್ತು. ಅತ್ತೆ ಅದನ್ನು ಐನಾಪುರಕ್ಕೆ ಮುಟ್ಟಿಸಿದರು. ಐನಾಪುರದಲ್ಲಿ ನನ್ನ ನಾದಿನಿ ಸರೋಜಾಳ ಮನೆ. ಅವಳ ಮಗಳು ಬಸುರಿ, ಕುಬಸ, ಅಂದರೆ ಸೀಮಂತ, ಮಾಡುವುದಿತ್ತು. ಬೀಗರು ನಿಪ್ಪಾಣಿಯವರು, ಊಟದ ವಿಷಯದಲ್ಲಿ ಸ್ವಲ್ಪ ಕಣ್ಣು ಜಾಸ್ತಿ ಎಂದು ಹೆಸರಾದವರು. ಫೋನಿನಲ್ಲಿ ಅತ್ತೆ ಮಗಳಿಗೆ, ರೊಟ್ಟಿಯ ಚಿಂತೆ ಬಿಡು, ಸುಮಂಗಲಾ ಬರುತ್ತಾಳೆ, ಅವಳ ಕೈಯಲ್ಲಿ ಈಗ ರಾಗವಿದೆ ಎಂದು ಹೇಳಿಬಿಟ್ಟರು. ಸುಮಂಗಲಾ ಎಂದರೆ ನಾನು. ಇನ್ನೂರು ಕಡಕ್ ರೊಟ್ಟಿ ಆಗಬೇಕಿತ್ತು.

ಹಿಂದಿನ ದಿನ ಬೆಳಿಗ್ಗೆಯೇ ನಾನೂ ಅತ್ತೆಯೂ ಐನಾಪುರಕ್ಕೆ ಹೋದೆವು. ಹಿತ್ತಲ ಪಡಸಾಲೆಯಲ್ಲಿ ಮೂರು ಒಲೆ ಹೂಡಿದ್ದರು. ರೊಟ್ಟಿ ಬಡಿಯಲು ಸರೋಜಾಳ ಇಬ್ಬರು ನೆಗೆಣ್ಣಿಯರು ಬಂದಿದ್ದರು, ಮತ್ತೆ ಪಕ್ಕದ ಮನೆಯ ಮಾಲನಬಿ. ಊರಿನಲ್ಲಿ ಯಾರ ಮನೆಯ ಕಾರ್ಯವಿದ್ದರೂ ರೊಟ್ಟಿಗೆ ಮೊದಲು ಹೇಳುವುದು ಮಾಲನಬಿಗೇ ಅಂತೆ. ಈ ಸಲ ಆಕೆ ನನ್ನ ಕೈ ನೋಡಲೆಂದೇ ಬಂದು ನನ್ನ ಎದುರಿಗೆ ಕುಳಿತಿದ್ದಳು. ನಾನು ಗಂಭೀರವಾಗಿ ಸೆರಗು ಹೊದ್ದು, ಬ್ಯಾಗಿನಿಂದ ಇಯರ್ ಬಡ್‌ಗಳ ಡಬ್ಬಿ ತೆಗೆದು, ಮರೆಯಲ್ಲಿ ಬಿಚ್ಚಿದೆ. ಡಬ್ಬಿ ಖಾಲಿ. ಎರಡೂ ಕಾಳುಗಳು ಅಥಣಿಯ ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿ ಕುಳಿತಿದ್ದವು.

ಮೊದಲ ರೊಟ್ಟಿ ಅಂಚಿನಲ್ಲಿ ಬಿರಿಯಿತು. ಎರಡನೆಯದು ಎತ್ತುವಾಗ ಎರಡಾಯಿತು. ಮೂರನೆಯದರ ಆಕಾರ ಹೇಗಿತ್ತೆಂದರೆ, ನಮ್ಮ ಭಾಗದ ಗಡಿಯ ನಕ್ಷೆಯ ಹಾಗೆ, ಅದರ ಅಂಚು ಎಲ್ಲಿ ಮುಗಿಯುತ್ತದೆ ಎಂಬುದನ್ನು ಯಾವ ಇಬ್ಬರೂ ಒಪ್ಪುವಂತಿರಲಿಲ್ಲ. ಸರೋಜಾ ಬಂದು ನೋಡಿ, ಮೈಯಲ್ಲಿ ಆರಾಮವಿಲ್ಲವೇ ವೈನಿ ಎಂದು ಮೆಲ್ಲಗೆ ಕೇಳಿದಳು. ನೆಗೆಣ್ಣಿಯರು ನನ್ನ ತುಣುಕುಗಳನ್ನು ಬೇರೆ ಬುಟ್ಟಿಗೆ ಹಾಕತೊಡಗಿದರು. ಮಾಲನಬಿ ನನ್ನ ಕೈಯನ್ನೂ ಮುಖವನ್ನೂ ನೋಡಿ ಮರ್ಯಾದೆಯಿಂದ ತನ್ನ ಒಲೆಯ ಕಡೆ ತಿರುಗಿಕೊಂಡಳು. ಅದೇ ಹೊತ್ತಿಗೆ ಹೊರಗಿನ ಕೋಣೆಯಿಂದ ಅತ್ತೆಯ ದನಿ ಕೇಳುತ್ತಿತ್ತು. ಬೇಗ ಬಂದಿದ್ದ ಬೀಗಿತಿಗೆ ಅವರು, ಸ್ವರದಿಂದ ಹಿಟ್ಟಿಗೆ ಜಿಗುಟು ಬರುವ ಬಗೆಯನ್ನು ವಿವರಿಸುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಆಕೆಯನ್ನು ಕರೆದುಕೊಂಡು ಒಳಗೆ ಬರುವುದು ಖಂಡಿತವಿತ್ತು. ನನ್ನ ಮಾನ ಹೋದರೆ ಹೋಗಲಿ. ಆ ಮುದುಕಿಯ ಮುಖ ಬೀಗರ ಮುಂದೆ ಸಣ್ಣದಾಗಬಾರದು. ಕೆಮ್ಮಿ ಕೆಮ್ಮಿ ನನ್ನ ಬಾಯಿ ಮುಚ್ಚಿಸಿದವರ ಮೇಲೆ ನನಗೆ ಅಷ್ಟು ಕಕ್ಕುಲಾತಿ ಇದೆ ಎಂಬುದು ನನಗೂ ಅಂದೇ ತಿಳಿದದ್ದು.

ಒಂದು ಉಪಾಯ ಹೊಳೆಯಿತು. ಪಕ್ಕದಲ್ಲಿ ಹಿಟ್ಟು ಖಾಲಿಯಾದ ದೊಡ್ಡ ತಗಡಿನ ಡಬ್ಬಿ ಇತ್ತು. ಫೋನಿನ ದನಿಯನ್ನು ಆದಷ್ಟು ಸಣ್ಣದು ಮಾಡಿ, ಹಾಡು ಹಚ್ಚಿ, ಡಬ್ಬಿಯೊಳಗೆ ಇಳಿಬಿಟ್ಟು ಅದನ್ನು ಮೊಣಕಾಲಿನ ಹತ್ತಿರ ಎಳೆದುಕೊಂಡೆ. ನನಗೊಬ್ಬಳಿಗೇ ಕೇಳಲಿ ಎಂದು. ಒಂಬತ್ತನೆಯ ತರಗತಿಗೆ ಪ್ರತಿ ವರ್ಷ ಶಬ್ದದ ಪಾಠ ಮಾಡುವವಳು ನಾನು. ಪೊಳ್ಳಾದ ಡಬ್ಬಿ ಶಬ್ದವನ್ನು ಹೇಗೆ ಹಿಗ್ಗಿಸುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತೇನೆ, ಪರೀಕ್ಷೆಯಲ್ಲಿ ಅದಕ್ಕೆ ನಾಲ್ಕು ಅಂಕ. ಆ ಡಬ್ಬಿಯಿಂದ ಎದ್ದ ಸದ್ದಿಗೆ ಹಿತ್ತಲಲ್ಲಿದ್ದ ಪಾರಿವಾಳಗಳು ಹಾರಿಹೋದವು. ಒಬ್ಬ ನೆಗೆಣ್ಣಿಯ ಕೈಯಿಂದ ಹಿಟ್ಟಿನ ಉಂಡೆ ಬಿತ್ತು. ನಾನು ಡಬ್ಬಿಯೊಳಗೆ ಕೈ ಹಾಕಿ ಫೋನು ಹುಡುಕತೊಡಗಿದೆ. ಹಿಟ್ಟು ಮೆತ್ತಿದ ಬೆರಳಿಗೆ ಅದು ಸಿಕ್ಕರೂ ಮಾತು ಕೇಳಲಿಲ್ಲ.

ಆಗ ಮಾಲನಬಿ ಮಾತಾಡಿದಳು. "ಬಂದ್ ಮಾಡಬ್ಯಾಡ್ರಿ ಬಾಯಾರ. ಇರ್ಲಿ. ಕೈ ಹಗರ ಆಗಾಕತ್ತಾವ."

ನೋಡಿದರೆ ಆಕೆಯ ಅಂಗೈ ಆಗಲೇ ಡ್ರಮ್ಮಿನ ಜೊತೆ ಓಡುತ್ತಿತ್ತು. ನನ್ನ ಕೈಯೂ ಕಲ್ಲಿನ ಮೇಲೆ ಬಿತ್ತು. ನೆಗೆಣ್ಣಿಯರು ಒಬ್ಬರ ಮುಖ ಒಬ್ಬರು ನೋಡಿ, ಯಾರೂ ಬೈಯುವವರಿಲ್ಲ ಎಂದು ಖಾತ್ರಿ ಮಾಡಿಕೊಂಡು ಸೇರಿಕೊಂಡರು. ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ. ನಾಲ್ಕು ಜನರ ಎಂಟು ಅಂಗೈಗಳು ಒಂದೇ ಹೊಡೆತದಲ್ಲಿ ಬೀಳುತ್ತಿದ್ದವು, ಬಳೆಗಳು ತಾಳ ಹಾಕುತ್ತಿದ್ದವು, ಹಿಟ್ಟು ಮೋಡದಂತೆ ಏಳುತ್ತಿತ್ತು, ರೊಟ್ಟಿಗಳು ಕಲ್ಲಿನಿಂದ ಹಂಚಿಗೆ ಹಾರುತ್ತಿದ್ದವು. ಹಾಡುಗಾರ ಉಸಿರು ತೆಗೆದುಕೊಳ್ಳುವಲ್ಲಿ ನಾವು ರೊಟ್ಟಿ ತಿರುವುತ್ತಿದ್ದೆವು. ಸರೋಜಾ ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು, ಅದು ಭಯವೋ ನಗುವೋ ತಿಳಿಯುವಂತಿರಲಿಲ್ಲ. ಬುಟ್ಟಿ ತುಂಬಿತು, ಎರಡನೆಯ ಬುಟ್ಟಿ ಬಂತು. ಮಾಲನಬಿ ನಡುನಡುವೆ ಹೋ ಎನ್ನುತ್ತಿದ್ದಳು. ನಾನೂ ಅಂದೆ ಎಂದು ಆಮೇಲೆ ಹೇಳಿದರು, ನನಗೆ ನೆನಪಿಲ್ಲ.

ಆಗ ಸರೋಜಾ ಪಕ್ಕಕ್ಕೆ ಸರಿದಳು. ಅವಳ ಹಿಂದೆ ಅತ್ತೆ ನಿಂತಿದ್ದರು, ಅವರ ಹಿಂದೆ ಬೀಗಿತಿ.

ಎಂಟೂ ಅಂಗೈಗಳು ನಿಂತವು. ಡಬ್ಬಿ ಒಂದೇ ಒದರುತ್ತಿತ್ತು. ಅತ್ತೆ ನಿಧಾನವಾಗಿ ಬಂದು ನನ್ನ ಪಕ್ಕದ ಮಣೆಯ ಮೇಲೆ ಕುಳಿತರು. ಡಬ್ಬಿಯ ಕಡೆ ಕಿವಿ ಬಾಗಿಸಿದರು. ನಾನು ಏನೋ ಹೇಳಲು ಹೊರಟೆ, ಅವರು ಕೈಯೆತ್ತಿ ತಡೆದರು. ಕಣ್ಣು ಮುಚ್ಚಿದರು. ತುಟಿ ಅಲುಗಿತು. ಬೆರಳುಗಳು ಮಡಿಲಲ್ಲಿ ಒಂದೊಂದಾಗಿ ಮಡಚಿಕೊಂಡವು, ಮತ್ತೆ ಬಿಚ್ಚಿಕೊಂಡವು. ಇಪ್ಪತ್ನಾಲ್ಕು ವರ್ಷದ ಸಂಸಾರ ನನ್ನ ಕಣ್ಣ ಮುಂದೆ ಹಾದುಹೋಗುವಷ್ಟು ಹೊತ್ತು ಅವರು ಕೇಳಿದರು.

"ಅಗಬಾಯಿ," ಎಂದರು. "ಇದು ಭೈರವಿ ಐತಿ."

ಇನ್ನೊಮ್ಮೆ ಬೆರಳು ಮಡಚಿ ಎಣಿಸಿದರು.

"ರೆ, ಗ, ಧ, ನಿ, ನಾಲ್ಕೂ ಕೋಮಲ. ಸುಮಂಗಲಾ, ಇಂವ ಯಾವ ಘರಾಣೆದಾಂವ?"

"ಗೊತ್ತಿಲ್ಲರಿ ಅತ್ತಿ. ಹೊರದೇಶದಾಂವ ಇರಬೇಕ್ರಿ," ಎಂದೆ.

"ಖರಜ ಭಾಳ ತಯಾರ ಐತಿ ಇವಂದು," ಎಂದರು. ಖರಜ ಎಂದರೆ ಗಂಟಲಿನ ತೀರ ಕೆಳಗಿನ ಷಡ್ಜ. ಗಾಯಕರು ನಸುಕಿನಲ್ಲಿ ಎದ್ದು ಅದನ್ನು ಸಾಧಿಸುತ್ತಾರೆ. ಊರೆಲ್ಲ ಗೊಗ್ಗರು ದನಿಯ ಅರಚಾಟ ಎನ್ನುವುದನ್ನು ಅತ್ತೆ ಸಾಧನೆ ಎಂದು ಒಂದೇ ಸಲಕ್ಕೆ ಗುರುತಿಸಿದ್ದರು. ಆಮೇಲೆ ಗೋಡೆಯ ಗಡಿಯಾರದ ಕಡೆ ನೋಡಿದರು. ಹತ್ತು ಗಂಟೆಯಾಗಿತ್ತು. ಭೈರವಿಯನ್ನು ಮುಂಜಾನೆ ಹಚ್ಚಿದ್ದು ಬರೋಬರಿ ಆಯಿತು, ನಡೆಯಲಿ ಎಂದು ಎದ್ದರು. ಹೋಗುವಾಗ ಬೀಗಿತಿಗೆ, ನಾನು ಹೇಳಲಿಲ್ಲವೇ, ಇವಳು ಸ್ವರ ಕೇಳದೆ ಹಿಟ್ಟು ಮುಟ್ಟುವುದಿಲ್ಲ ಎಂದು ಹೇಳುವುದು ಕೇಳಿಸಿತು. ಇನ್ನೂರು ರೊಟ್ಟಿ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿದವು. ಬೀಗಿತಿ ಹೊಸ ರೊಟ್ಟಿಯಲ್ಲಿ ಒಂದನ್ನು ಬೆಳಕಿಗೆ ಹಿಡಿದು ನೋಡಿ, ದೋಷ ಸಿಗದೆ ಸ್ವಲ್ಪ ಬೇಸರಪಟ್ಟರು.

ಕುಬಸ ಮುಗಿಸಿ ಮರಳಿ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕುಳಿತಿದ್ದರು. ಎರಡೂ ಕಡೆ ಕಬ್ಬು. ಬೈಗುಳ ಈಗ ಶುರುವಾಗುತ್ತದೆ, ಈಗ ಶುರುವಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ಬಹಳ ದೂರ ಬಂದ ಮೇಲೆ ಅವರು ನನ್ನ ಕಡೆ ತಿರುಗದೆಯೇ ಮಾತಾಡಿದರು.

"ನಾ ಹೊಸದಾಗಿ ಮನಿಗೆ ಬಂದಾಗ ನಮ್ಮ ಮಾವನವರು ಹೊರಗ ಕಟ್ಟಿ ಮ್ಯಾಲ ಕುಂಡರ್ತಿದ್ರು. ಅವರಿಗೆ ಕೇಳಿಸಬಾರದು. ಅಡಗಿ ಮನ್ಯಾಗ ಸಣ್ಣ ದನಿಲೆ ಹಾಡಬೇಕು. ಅದರಾಗ ಮೂವತ್ತ ವರ್ಷ ಹೋತು. ಒಮ್ಮೆ ಆದ್ರೂ ಹೊಟ್ಟಿಯೊಳಗಿಂದ ಒದರಬೇಕು ಅನಸ್ತಿತ್ತು ನನಗ."

ಕೆಮ್ಮಿನ ನೆನಪಾಯಿತು, ಅದನ್ನು ಹೇಳುವ ಹೊತ್ತು ಇದಲ್ಲ ಎನ್ನಿಸಿತು. ಬ್ಯಾಗಿನಿಂದ ಫೋನು ತೆಗೆದು ದನಿ ಸಣ್ಣದು ಮಾಡಿ ಅವರ ಕಿವಿಗೆ ಹಿಡಿದೆ. ಅಥಣಿ ಬರುವಷ್ಟರಲ್ಲಿ ನನ್ನ ಕೈ ಸೋತುಹೋಯಿತು, ಅವರು ಸಾಕೆನ್ನಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಸುಖಿ. ಮರುದಿನ ಅತ್ತೆ ಒಂದು ನೋಟ್‌ಬುಕ್ ತರಿಸಿದರು. ಆ ಹುಡುಗಿ ಬರೆದುಕೊಟ್ಟ ಹನ್ನೊಂದು ಹಾಡುಗಳನ್ನೂ, ಆಮೇಲೆ ನಾನೇ ಹುಡುಕಿಕೊಂಡ ನಲವತ್ತನ್ನೂ ಒಂದೊಂದಾಗಿ ಕೇಳಿ ವಿಂಗಡಿಸಿದರು. ಇದು ತೋಡಿಯ ನೆರಳು, ಮುಂಜಾನೆ ಮಾತ್ರ. ಇದರಲ್ಲಿ ಐದೇ ಸ್ವರ, ಧಾನಿ ಇದ್ದಂತಿದೆ, ಯಾವಾಗಲಾದರೂ ಸರಿ. ಇದರಲ್ಲಿ ಪಂಚಮ ಬಿಟ್ಟು ತೀವ್ರ ಮಧ್ಯಮದ ಮೇಲೆ ನಿಂತು ಕಾಡುತ್ತಾನೆ, ಮಾರವಾ, ಹೊತ್ತು ಮುಳುಗುವಾಗ ಬಿಟ್ಟು ಬೇರೆ ಹೊತ್ತಿನಲ್ಲಿ ಹಚ್ಚಕೂಡದು. ನನ್ನ ಅತಿ ಪ್ರೀತಿಯ ಹಾಡು ಆ ಕೊನೆಯ ಗುಂಪಿಗೆ ಹೋಯಿತು. ಎರಡು ಹಾಡುಗಳನ್ನು ಬೇಸುರ ಎಂದು ಪೂರ್ತಿ ಹೊಡೆದುಹಾಕಿದರು. ಮನಸ್ಸಿಗೆ ಬಂದಾಗ ಮನಸ್ಸಿಗೆ ಬಂದದ್ದನ್ನು ಕೇಳುತ್ತಿದ್ದ ನನಗೆ ಅಡುಗೆಮನೆಯ ಗೋಡೆಯ ಮೇಲೆ ವೇಳಾಪಟ್ಟಿ ಬಂತು. ಅಷ್ಟಲ್ಲದೆ ರೊಟ್ಟಿ ಬಡಿಯುವಾಗ ಪರೀಕ್ಷೆ. ಈಗ ಹಿಡಿದದ್ದು ಯಾವ ಸ್ವರ ಎಂದು ಥಟ್ಟನೆ ಕೇಳುತ್ತಾರೆ. ತಪ್ಪು ಹೇಳಿದರೆ ಹಾಡು ಮೊದಲಿನಿಂದ. ಜಡೆಯಲ್ಲಿ ವೈರು ಹೆಣೆದುಕೊಂಡಿದ್ದ ಆ ಹುಡುಗಿಯ ಕಷ್ಟ ನನಗೆ ಈಗ ಅರ್ಥವಾಗುತ್ತದೆ.

ನಾನು ವಿಜ್ಞಾನದವಳು, ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಮಾರವಾದಿಂದ ಜಗಳವಾಗುತ್ತದೆ ಎಂಬುದನ್ನು ಪ್ರಯೋಗದಿಂದ ತೋರಿಸಿ ಎಂದೆ. ರಜೆಯಲ್ಲಿ ಮೂರು ಮಧ್ಯಾಹ್ನ ಆ ಹಾಡು ಹಚ್ಚಿದೆವು. ಮೊದಲ ದಿನ ನನ್ನ ಗಂಡ ಬದನೆಕಾಯಿ ಎಣಗಾಯಿಯಲ್ಲಿ ಉಪ್ಪು ಹೆಚ್ಚಾಗಿದೆ ಎಂದು ಸಿಡುಕಿದರು. ಎರಡನೆಯ ದಿನ ಉಪ್ಪು ಕಡಿಮೆ ಎಂದು ಸಿಡುಕಿದರು. ಮೂರನೆಯ ದಿನ ಮನೆ ಶಾಂತವಾಗಿತ್ತು, ಆದರೆ ಅಂದು ಅವರು ಚಿಕ್ಕೋಡಿಗೆ ಹೋಗಿದ್ದರು. ಅತ್ತೆ ಇದನ್ನು ಮೂರಕ್ಕೆ ಮೂರು ಎಂದು ಬರೆದುಕೊಂಡರು. ಅವರ ಉತ್ಸಾಹ ಅಲ್ಲಿಗೂ ನಿಲ್ಲಲಿಲ್ಲ. ಆ ಗಾಯಕನ ಖರಜ ಕೇಳಿದ ಮೇಲೆ ತಮ್ಮ ಖರಜ ಬಿಟ್ಟುಹೋಗಿದೆ ಎಂದು ನೆನಪಾಗಿ, ನಸುಕಿನಲ್ಲಿ ಎದ್ದು ಹಿತ್ತಲಲ್ಲಿ ಸಾಧನೆ ಶುರು ಮಾಡಿದರು. ನಾಲ್ಕನೆಯ ದಿನ ಪಕ್ಕದ ಮನೆಯ ಯಜಮಾನರು ಬಂದು, ನಿಮ್ಮ ಎಮ್ಮೆ ಈಯುತ್ತಿದೆಯೇ, ಡಾಕ್ಟರನ್ನು ಕರೆಸಲೇ ಎಂದು ಕೇಳಿದರು. ನಮ್ಮಲ್ಲಿ ಎಮ್ಮೆ ಇಲ್ಲ. ಅತ್ತೆ ಇದನ್ನು ಕೇಳಿ ನೊಂದುಕೊಳ್ಳಲಿಲ್ಲ. ನಾಲ್ಕು ಮನೆಗೆ ಕೇಳುವಷ್ಟು ದನಿ ಬಂತಲ್ಲ ಎಂದು ಅಂದು ಶೇಂಗಾ ಹೋಳಿಗೆ ಮಾಡಿಸಿದರು.

ಹೋದ ತಿಂಗಳು ಸರೋಜಾಳ ಮಗಳಿಗೆ ಹೆರಿಗೆಯಾಗಿ ಅತ್ತೆ ಹದಿನೈದು ದಿನ ಐನಾಪುರಕ್ಕೆ ಹೋದರು. ಆಗ ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ವೇಳಾಪಟ್ಟಿ ಗೋಡೆಯ ಮೇಲಿತ್ತು, ಅದನ್ನು ನೋಡಿಕೊಳ್ಳುವವರು ಇರಲಿಲ್ಲ. ನನ್ನ ಪ್ರೀತಿಯ ಆ ಮಾರವಾ ಹಾಡನ್ನು ದೊಡ್ಡ ದನಿಯಲ್ಲಿ ಹಚ್ಚಿ, ಕಾಲು ಚಾಚಿ ಕುಳಿತೆ. ಅರ್ಧ ನಿಮಿಷವಾಗಿರಬಹುದು, ಏನೋ ಚುಚ್ಚಿದಂತಾಯಿತು. ಹೊರಗೆ ರಣಬಿಸಿಲು, ಒಳಗೆ ಹೊತ್ತು ಮುಳುಗಿದಂತಹ ಸ್ವರ. ಒಂದಕ್ಕೊಂದು ಕೂಡಲಿಲ್ಲ. ಇದೆಲ್ಲ ಮೂಢನಂಬಿಕೆ ಎಂದು ನನಗೆ ನಾನೇ ಎರಡು ಸಲ ಹೇಳಿಕೊಂಡು, ಮೂರನೆಯ ಸಲ ಹೇಳುವ ಬದಲು ಹಾಡು ನಿಲ್ಲಿಸಿದೆ. ಅಷ್ಟರಲ್ಲಿ ಅತ್ತೆಯ ಫೋನು ಬಂತು. ಕೂಸು ಹೇಗಿದೆ ಎಂದು ವಿಚಾರಿಸುತ್ತಿದ್ದಂತೆ ಅವರ ಹಿಂದೆ ಒಂದು ಸದ್ದು ಕೇಳಿತು. ಅದೇ ಗಿಟಾರು. ಅದೇ ಹಾಡು.

ಗಂಟೆ ಎರಡು, ಇದು ಸಂಜೆಯ ಹಾಡಲ್ಲವೇ ಎಂದು ನಾನು ಕೇಳಿದೆ. ಕೇಳಿದ ದನಿ ಸ್ವಲ್ಪ ಬಿರುಸಾಗಿಯೇ ಇತ್ತು.

"ಇರ್ಲಿ ಬಿಡವಾ, ಹಾಡು ಛಲೋ ಐತಿ," ಎಂದರು ಅತ್ತೆ. "ನೀ ಯಾಕ ಇಷ್ಟ ಕಟ್ಟುನಿಟ್ಟ ಮಾಡ್ತಿ?"

ಫೋನು ಕೆಳಗಿಟ್ಟೆ. ಹೊತ್ತು ಮುಳುಗಲು ಇನ್ನೂ ನಾಲ್ಕೂವರೆ ತಾಸು ಇತ್ತು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಬಿಸಿಲನ್ನು ನೋಡುತ್ತ 'ಬೇಗ ಇಳಿ' ಎಂದು ಅದನ್ನು ಬೈಯುತ್ತ ಕುಳಿತೆ.